ಮೂರು ತಲೆ ತೋರಿಸದ ನಾಯಿಗೆ ಬಿಲ್ಲೆ ಇಲ್ಲ

ನನಗೆ ಮೂವತ್ತನಾಲ್ಕು ವರ್ಷ, ಮತ್ತು ನಾನು ನಿವೃತ್ತ. ಇವೆರಡೂ ಒಟ್ಟಿಗೆ ಹೊಂದುವುದಿಲ್ಲ ಎಂದು ಆಕ್ಷೇಪ ಎತ್ತುವವರಿಗೆ ನನ್ನ ಉತ್ತರ ಸಿದ್ಧವಾಗಿದೆ: ನೌಕರನಿಗೆ ವಯಸ್ಸಾಗದಿದ್ದರೂ ನೌಕರಿಗೆ ವಯಸ್ಸಾಗಬಹುದು. ಹನ್ನೊಂದು ವರ್ಷ ನಾನು ಗೋಕಾಕ ಸೀಮೆಯ ಒಂದು ವಾಡೆಯಲ್ಲಿ ದೇಸಾಯರ ಬೇಟೆನಾಯಿಗಳ ಕಾರಕೂನನಾಗಿದ್ದೆ. ದೇಸಾಯರು ತೀರಿಕೊಂಡರು. ನಾಯಿಗಳಿದ್ದ ಜಾಗದಲ್ಲಿ ಅವರ ಮಗ ಈಗ ಮೋಟಾರು ನಿಲ್ಲಿಸುತ್ತಾನೆ. ಮೋಟಾರಿಗೆ ವಂಶಾವಳಿ ಬರೆಯುವ ಕಾರಕೂನ ಬೇಕಾಗಲಿಲ್ಲ.

ಈಚೆಗೆ ಗಿರಣಿಗಳಲ್ಲಿ, ಸಂಸ್ಥಾನಗಳಲ್ಲಿ ನಾಯಿ ಸಾಕುವ, ತಳಿ ಬೆಳೆಸುವ ಕೆಲಸಕ್ಕೆ ಹುಡುಗರು ಸೇರುತ್ತಿದ್ದಾರೆಂದು ಕೇಳಿದ್ದೇನೆ. ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ. ಪಗಾರ ಎಷ್ಟಾಯಿತು, ಯಾವ ವರ್ಷ ಬಡ್ತಿ ಸಿಕ್ಕಿತು ಎಂಬುದನ್ನು ಹೇಳುವುದಿಲ್ಲ. ಬಡ್ತಿ ಸಿಗಲೇ ಇಲ್ಲ. ನನ್ನ ಮೇಲಿದ್ದದ್ದು ದೇಸಾಯರ ಹುದ್ದೆ ಒಂದೇ. ಅದು ಅವರ ವಂಶದ್ದು.

ನೌಕರಿ ಸಿಕ್ಕಿದ ರೀತಿಯನ್ನು ಮೊದಲು ಹೇಳುತ್ತೇನೆ. ನಾನು ಮೂಡಲಗಿಯ ಜೈನ ಅರಿವೆ ವ್ಯಾಪಾರಿಗಳ ಮನೆಯವನು. ಬೆಳಗಾವಿಯ ಕಾಲೇಜಿನಲ್ಲಿ ಚರ್ಚಾಕೂಟಗಳ ಬೆಳ್ಳಿ ಬಟ್ಟಲು ಗೆದ್ದದ್ದು ಬಿಟ್ಟರೆ ನನಗೆ ಬೇರೆ ವಿದ್ಯೆ ಇರಲಿಲ್ಲ. ನಾಯಿ ಎಂದರೆ ಬೊಗಳುವ ಕಡೆ ಯಾವುದು, ಬಾಲ ಆಡಿಸುವ ಕಡೆ ಯಾವುದು ಎಂಬಷ್ಟೇ ಗೊತ್ತು. ದೇಸಾಯರು ಕೇಳಿದರು:

"ನಾಯೀ ಬಗ್ಗೆ ಏನ ತಿಳಕೊಂಡೀ?"

"ಏನೂ ಇಲ್ರಿ. ಆದ್ರ ಯಾವ ಪಕ್ಷ ಹಿಡೀಲಿ ಹೇಳ್ರಿ, ವಾದ ಮಾಡತೇನಿ."

ಅವರು ಮೀಸೆಯಲ್ಲೇ ನಕ್ಕರು. "ಮುಧೋಳ ಕಡಿಯವ್ರು ತಮ್ಮ ನಾಯೀನ ಹೆಚ್ಚು ಅಂತಾರ. ಅವರಿಗೆ ಕಾಗದ ಬರ್ಯಾಕ ಒಬ್ಬಾಂವ ಬೇಕಾಗಿದ್ದ. ನಾಳಿಂದ ಬಾ."

ಮನೆಯಲ್ಲಿ ಅವ್ವ, "ಅಹಿಂಸಾ ಮನಿತನದಾಗ ಹುಟ್ಟಿ ಮೊಲಾ ಹಿಡಿಯೂ ನಾಯಿಗೆ ಕಾರಕೂನ ಆದೀ?" ಎಂದಳು. ನಾನು ಬರೆಯುವುದಷ್ಟೇ, ಹಿಡಿಯುವುದು ನಾಯಿ ಎಂದು ವಾದಿಸಿದೆ. ಅವ್ವ ಚರ್ಚಾಕೂಟದ ತೀರ್ಪುಗಾರಳಲ್ಲ. ಪ್ರತಿ ಸಲ ಮನೆಗೆ ಹೋದಾಗ ಹಿತ್ತಲಲ್ಲೇ ಸ್ನಾನ ಮಾಡಿಸಿದ ಮೇಲೆಯೇ ಒಳಗೆ ಬಿಡುತ್ತಿದ್ದಳು.

ನಾಯಿಖಾನೆಯಲ್ಲಿ ಇಪ್ಪತ್ತೊಂದು ನಾಯಿಗಳಿದ್ದವು. ಅವುಗಳನ್ನು ನೋಡಿಕೊಳ್ಳುತ್ತಿದ್ದವನು ಇಮಾಮಸಾಬ. ಅವನ ತಂದೆಯೂ ಅದೇ ಕೆಲಸದಲ್ಲಿದ್ದವನು. ಮರಿ ಆರಿಸುವುದರಲ್ಲಿ ದೇಸಾಯರದು ಒಂದು ಪದ್ಧತಿ, ಇಮಾಮಸಾಬನದು ಇನ್ನೊಂದು. ದೇಸಾಯರು ಮೊದಲು ವಂಶ ನೋಡುವರು, ಆಮೇಲೆ ಬೆನ್ನಿನ ಕೊನೆಯಲ್ಲಿ ಎದ್ದು ಕಾಣುವ ಎರಡು ಎಲುಬುಗಳ ನಡುವೆ ಬೆರಳಿಡುವರು. ನಾಲ್ಕು ಬೆರಳು ಹಿಡಿಸಿದರೆ ಓಡುವ ನಾಯಿ. ನಾನು ಸಂಶಯದ ಪ್ರಾಣಿ. ನಾಲ್ಕು ಬೆರಳು ಸರಿ, ಯಾರ ಬೆರಳು? ಒಂದು ದಿನ ಎಲ್ಲ ನಾಯಿಗಳನ್ನೂ ಅಳೆದು ನೋಡಿದೆ. ನನ್ನ ಬೆರಳಿನಿಂದ ಇಪ್ಪತ್ತೊಂದೂ ಉತ್ತೀರ್ಣ. ಇಮಾಮಸಾಬನ ಬೆರಳು ಬಾಳೆಕಾಯಿಯಂತಿದ್ದವು, ಹಾಗಾಗಿ ಇಪ್ಪತ್ತೊಂದೂ ನಪಾಸು. ಇದನ್ನು ದೇಸಾಯರಿಗೆ ವರದಿ ಮಾಡಿದಾಗ ಅವರು ತಮ್ಮ ಕೈ ಮುಂದೆ ಚಾಚಿ, "ಅಳತೀ ಇದು. ಉಳಿದದ್ದೆಲ್ಲಾ ಬರೇ ಕೈ," ಎಂದರು.

ಇಮಾಮಸಾಬನ ಪದ್ಧತಿ ಬೇರೆ. ಮರಿಗಳು ಹಾಲು ನೆಕ್ಕುತ್ತಿರುವಾಗ ಹಿಂದೆ ನಿಂತು ಪರಾತವೆಂಬ ಹಿತ್ತಾಳೆಯ ಅಗಲ ತಟ್ಟೆ ಬಡಿಯುವನು. ಕೆಲವು ಓಡಿಹೋಗುತ್ತಿದ್ದವು. ಕೆಲವು ಕೇಳಿಸದಂತೆ ನೆಕ್ಕುತ್ತಲೇ ಇರುತ್ತಿದ್ದವು. ಎಲ್ಲೋ ಒಂದು ಮರಿ ಹಾಲು ಬಿಟ್ಟು, ಸದ್ದು ಎಲ್ಲಿಂದ ಬಂತೆಂದು ಪರಾತದ ಕಡೆಗೇ ಬರುತ್ತಿತ್ತು.

"ಇದು ನಾಯಿ," ಎನ್ನುವನು ಇಮಾಮಸಾಬ. "ಉಳದಾವ ನಮ್ಮ ನಿಮ್ಮಂಗ, ಕಾರಕೂನ ಸಾಹೇಬ್ರ."

ವಂಶದಲ್ಲೂ ಬೆರಳಿನಲ್ಲೂ ಮೊದಲ ಸ್ಥಾನದಲ್ಲಿದ್ದದ್ದು ಬಹಾದ್ದೂರ ಎಂಬ ನಾಯಿ. ಹಾಲಿನ ಬಣ್ಣ, ಹಾವಿನಂಥ ಮುಖ. ಅದರ ಗುಣ ವರ್ಣಿಸಿ ನಾನು ಮುಧೋಳ ಕಡೆಗೆ ಬರೆದ ಕಾಗದಗಳು ಒಂದು ಪೆಟ್ಟಿಗೆ ತುಂಬ ಇದ್ದವು. ಅದು ಓಡಿದ್ದನ್ನು ಮಾತ್ರ ನಾನು ನೋಡಿರಲಿಲ್ಲ. ಒಮ್ಮೆ ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲಿನಿಂದ ಇಳಿದ ಅತಿಥಿಗಳನ್ನು ಕರೆದುಕೊಂಡು ಮಮದಾಪುರದ ಮರಡಿಗೆ ಬೇಟೆಗೆ ಹೋದೆವು. ಕಲ್ಲು, ಕಾರೆಕಂಟಿ ಬಿಟ್ಟರೆ ಆ ದಿಬ್ಬದಲ್ಲಿ ಏನೂ ಇಲ್ಲ. ಮೊಲವೊಂದು ಬಹಾದ್ದೂರನ ಮೂಗಿನ ಮುಂದೆಯೇ ಎದ್ದು ಓಡಿತು. ಬಹಾದ್ದೂರ ಅದನ್ನು ನೋಡಿತು. ಆಕಳಿಸಿತು. ಆಮೇಲೆ ಆಟವಾಡುವ ಉತ್ಸಾಹದಿಂದ ಬಾಜೂಕ್ಕೆ ಮೇಯುತ್ತಿದ್ದ ಕುರಿಹಿಂಡಿನೊಳಗೆ ನುಗ್ಗಿತು.

ಹಿಂಡಿನಿಂದ ಕಂದು ಬಣ್ಣದ ಒಂದು ಹೆಣ್ಣು ನಾಯಿ ಹೊರಬಂತು. ಒಂದು ಕಿವಿ ಹರಿದಿತ್ತು, ಕೊರಳಲ್ಲಿ ಮುಳ್ಳಿನ ಪಟ್ಟಿ. ಬೊಗಳಲಿಲ್ಲ. ಬಹಾದ್ದೂರನನ್ನು ಎದೆಯಿಂದ ಗುದ್ದಿ ಅಂಗಾತ ಕೆಡವಿ, ಅದರ ಮೇಲೆ ಕಾಲಿಟ್ಟು ನಿಂತು, ತನ್ನ ಮಾಲಕಿಯ ಕಡೆ ನೋಡಿತು. ಬಂಡೆಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದ ಆ ಕುರುಬರ ಹೆಂಗಸು ಕದಿರು ನಿಲ್ಲಿಸದೆಯೇ ಕೂಗಿದಳು:

"ದಣ್ಯಾರ, ನಿಮ್ಮ ಕೂಸನ್ನ ಎತಗೋರಿ. ಅಂಜೇತಿ."

ಅವಳು ಮಲ್ಲವ್ವ, ಗಂಡನಿಲ್ಲದವಳು. ಎಪ್ಪತ್ತು ಚಿಲ್ಲರೆ ಕುರಿ, ಒಂದು ನಾಯಿ. ನಾಯಿಯ ಹೆಸರು ಕೆಂಚಿ. ಆ ಮರಡಿಯಲ್ಲಿ ತೋಳದ ಕಾಟ ಎಷ್ಟಿತ್ತೆಂದರೆ ಬೇರೆ ಹಿಂಡುಗಳನ್ನು ಮೂರು ಮೂರು ಗಂಡಸರು ಕಾಯುತ್ತಿದ್ದರು. ಮಲ್ಲವ್ವನ ಹಿಂಡಿಗೆ ಕೆಂಚಿಯೊಂದೇ ಕಾವಲು, ಆದರೂ ಆ ಹಿಂಡಿನಿಂದ ಒಂದು ಕುರಿಯೂ ಹೋಗಿರಲಿಲ್ಲ.

ಅಂದಿನಿಂದ ನಾನು ಯೋಗ್ಯತೆಯ ಪಕ್ಷ ಸೇರಿದೆ. ವಂಶ ಎಂಬುದು ಸತ್ತ ನಾಯಿಗಳ ಬಗ್ಗೆ ಬದುಕಿದವರ ಬಡಾಯಿ ಎಂದು ವಾಡೆಯ ಕಟ್ಟೆಯ ಮೇಲೆ ಕುಳಿತು ಸಾರಿದೆ. ದೇಸಾಯರು ಬೇಸರಗೊಂಡು, ಒಂದು ಸೂಲಿನ ಮರಿ ನನ್ನ ಇಷ್ಟದಂತೆ ಹಾಕಿಸಲು ಬಿಟ್ಟರು. ಇಮಾಮಸಾಬ ಬೇಡವೆಂದರೂ ಕೇಳದೆ, ಮೊಲ ಹಿಡಿಯುವುದರಲ್ಲಿ ಎತ್ತಿದ ಕೈ ಎನಿಸಿದ್ದ ಎರಡು ನಾಯಿಗಳನ್ನು, ಹಿರಿಯರು ಯಾರೆಂದು ವಿಚಾರಿಸದೆ, ಕೂಡಿಸಿದೆ. ಐದು ಮರಿ ಹುಟ್ಟಿದವು. ಬೆಳೆದವು. ಮೊದಲ ಬೇಟೆಯ ದಿನ ಐದೂ ಬಾಣದಂತೆ ಹೋದವು. ನಾನು ದೇಸಾಯರ ಕಡೆ ತಿರುಗಿ, "ಏನಂತೀರಿ?" ಎಂದೆ. ನಾಯಿಗಳು ತಿರುಗಿ ಬರಲಿಲ್ಲವಷ್ಟೆ. ಕುಲಗೋಡದ ಹಾದಿಯ ಜೋಳದ ಹೊಲದವರೆಗೂ ಮೊಲವನ್ನು ಅಟ್ಟಿಸಿಕೊಂಡು ಹೋಗಿ, ಹಿಡಿದು, ಅಲ್ಲೇ ಊಟ ಮುಗಿಸಿ, ಮರುದಿನ ಮಧ್ಯಾಹ್ನ ಹೊಟ್ಟೆ ಜೋತಾಡಿಸುತ್ತ ಬಂದವು.

"ಯೋಗ್ಯತಾ ಭಾಳ ಐತಿ," ಎಂದರು ದೇಸಾಯರು. "ನಮ್ಮ ಸಲುವಾಗಿ ಇಲ್ಲ, ಅಷ್ಟ."

ಐದನ್ನೂ ಹೊಲ ಕಾಯುವವರಿಗೆ ಕೊಟ್ಟುಬಿಟ್ಟರು. ಆ ಎರಡೂ ನಾಯಿಗಳ ಹಿರಿಯರಲ್ಲಿ ಮನೆಗೆ ಬೇಟೆ ತರುವ ಗುಣ ಇರಲಿಲ್ಲವೆಂದೂ, ತಂದೆತಾಯಿಗೆ ಹೊಡೆದು ಬಡಿದು ಕಲಿಸಿದ್ದನ್ನು ಮರಿಗಳು ಹೊಟ್ಟೆಯಿಂದ ತರುವುದಿಲ್ಲವೆಂದೂ ಇಮಾಮಸಾಬ ಆಮೇಲೆ ಹೇಳಿದ. ಕೆಲಸಕ್ಕೆ ಸೇರುವ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು. ಕಲಿತದ್ದು ಬೇರೆ, ಹುಟ್ಟಿನಿಂದ ಬಂದದ್ದು ಬೇರೆ. ನಾಯಿಯನ್ನು ಓಡಿಸಿ ನೋಡಿದರೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಮರಿ ಹಾಕಿದಾಗ ಬೇರೆ ಬೇರೆಯಾಗುತ್ತವೆ.

ಹಾಗೆಂದು ನಾನು ವಾದ ಬಿಟ್ಟೆನೆಂದು ತಿಳಿಯಬೇಡಿ. ದೇಸಾಯರು ಬಸವಣ್ಣನವರ ದಾರಿಯವರು. ಸೋಮವಾರ ಮಠದಲ್ಲಿ ನಿಂತು, ಮನುಷ್ಯನಿಗೆ ಹುಟ್ಟಿನಿಂದ ಮೇಲು ಕೀಳಿಲ್ಲ, ನಡತೆಯೇ ಕುಲ ಎಂದು ಕಣ್ಣಲ್ಲಿ ನೀರು ತರಿಸುವಂತೆ ಮಾತಾಡುವರು. ಮಂಗಳವಾರ ನಾಯಿಯ ಮುತ್ತಜ್ಜಿ ಯಾರೆಂದು ಕೇಳುವರು. ಒಂದು ಮಂಗಳವಾರ ನಾನು ಹಿಡಿದೆ.

"ನಿನ್ನಿ ಕುಲ ಇಲ್ಲ ಅಂದ್ರಿ, ಇವತ್ತ ಐತಿ ಅಂತೀರಿ. ಯಾವುದ ಖರೆ?"

ಅವರು ಎಲೆಗೆ ಸುಣ್ಣ ಹಚ್ಚುತ್ತ, "ಮನಷ್ಯಾ ದೀಕ್ಷಾ ತಗೊಂಡು ಬದಲಾಗತಾನ, ತಮ್ಮಾ. ನಾಯಿಗೆ ದೀಕ್ಷಾ ಯಾರ ಕೊಡತಾರ, ನೀ ಕೊಡತೀಯೇನು?" ಎಂದರು. ಬೆಳ್ಳಿ ಬಟ್ಟಲುಗಳ ಮಾಲಕನಾದ ನಾನು ದಪ್ತರ ಬಿಚ್ಚಿ ಆ ಮುತ್ತಜ್ಜಿಯ ಹೆಸರು ಹುಡುಕಿಕೊಟ್ಟೆ.

ಇಲ್ಲಿಯವರೆಗೂ ಎಲ್ಲ ಕಟ್ಟೆಯ ಮೇಲಿನ ಮಾತು, ಸೋತರೂ ಗೆದ್ದರೂ ಊಟ ತಪ್ಪುತ್ತಿರಲಿಲ್ಲ. ಒಂದು ವರ್ಷ ಬೇಸಿಗೆಗೆ ಮುಂಚೆ ಹುಕ್ಕೇರಿ ಕಡೆ ಹುಚ್ಚುನಾಯಿಯೊಂದು ಕೆಲವರನ್ನು ಕಚ್ಚಿತು. ಮೇಲಿನಿಂದ ಹುಕುಮು ಬಂತು: ಗೊತ್ತುಪಡಿಸಿದ ದಿನದೊಳಗೆ ಪ್ರತಿ ನಾಯಿಯ ಕೊರಳಲ್ಲೂ ಹಿತ್ತಾಳೆ ಬಿಲ್ಲೆ ಇರಬೇಕು, ಬಿಲ್ಲೆ ಇಲ್ಲದ್ದನ್ನು ಗುಂಡಿಕ್ಕಿ ಕೊಲ್ಲಬೇಕು. ನಮ್ಮ ಊರುಗಳಲ್ಲಿ ಬಿಲ್ಲೆ ಕೊಡುವ ಅಧಿಕಾರ ದೇಸಾಯರದು. ಅವರಿಗೆ ಇದು ನಾಯಿಗಳ ಜಾತಿ ಶುದ್ಧಮಾಡಲು ದೇವರೇ ಕಳಿಸಿದ ಅವಕಾಶವೆನಿಸಿತು. ನನ್ನನ್ನು ಕೂರಿಸಿ ಬರೆಸಿದರು: ಮೂರು ತಲೆಯ ಹಿರಿಯರನ್ನು ತೋರಿಸದ ನಾಯಿಗೆ ಬಿಲ್ಲೆ ಇಲ್ಲ. ನನ್ನ ಅಕ್ಷರ ಚೆಂದ. ಆ ಕಾಗದವೂ ಚೆಂದ ಬಂದಿತ್ತು.

ಮರುದಿನ ಮಲ್ಲವ್ವ ಕೆಂಚಿಯನ್ನು ಕರೆದುಕೊಂಡು ನನ್ನ ಮೇಜಿನ ಮುಂದೆ ನಿಂತಳು.

"ಕಾರಕೂನರ, ಇದರವ್ವ ಗೊತ್ತೈತಿ. ಅವ್ವನ ಅವ್ವನೂ ಗೊತ್ತೈತಿ. ಅಪ್ಪ ಯಾವುದಂತ ನನಗೇನು, ಅವಕ್ಕೂ ಗೊತ್ತಿರಾಕಿಲ್ಲ. ನಾವು ಕಂಬಳಿ ಹೊತ್ತು ತಿರಗಾವ್ರು. ಎಲ್ಲಿ ಬರದಿಡೂನ್ರಿ?"

"ಅಪ್ಪನ ಕಡೀನೂ ಬೇಕವ್ವಾ."

"ಇದನ್ನ ಹೊಡದ್ರ ತೋಳಕ್ಕ ಹುಕುಮ ಯಾರ ಕೊಡತೀರಿ, ಮಲ್ಲವ್ವನ ಕುರಿ ಮುಟ್ಟಬ್ಯಾಡ ಅಂತ?"

"ನಾ ದಣ್ಯಾರ ಮುಂದ ವಾದ ಮಾಡತೇನಿ, ನೀ ಚಿಂತೀ ಮಾಡಬ್ಯಾಡ," ಎಂದೆ. ಅವಳಿಗೆ ಚಿಂತೆ ಹೆಚ್ಚಿದ್ದು ಆಗಲೇ ಎಂದು ಈಗ ಅನ್ನಿಸುತ್ತದೆ.

ವಾದ ಮಾಡಿದೆ. ಕೆಂಚಿ ನಾಲ್ಕು ಸಲ ತೋಳ ಓಡಿಸಿದೆ, ಇದಕ್ಕಿಂತ ದೊಡ್ಡ ಕುಲ ಯಾವುದು ಎಂದೆ.

"ಸಾಕ್ಷಿ ಯಾರು?" ಎಂದರು ದೇಸಾಯರು.

"ಮಲ್ಲವ್ವ."

"ಮಾಲಕಿ ಸಾಕ್ಷಿ ನಡಿಯೂದಿಲ್ಲ. ಬ್ಯಾರೆ?"

"ಎಪ್ಪತ್ತು ಕುರಿ ಜೀವಂತ ಅದಾವಲ್ರಿ."

"ಅವುಗಳ ಹೇಳಿಕೀ ಬರಕೊಂಡ ಬಾ."

ನಾಲ್ಕು ದಿನ ಇದೇ ನಡೆಯಿತು. ಗಡುವಿಗೆ ಉಳಿದದ್ದು ಮೂರು ದಿನ. ಅಷ್ಟರಲ್ಲಿ ಸುಗ್ಗಿ ಮುಗಿದಿತ್ತಾಗಿ, ವರ್ಷದ ರೂಢಿಯಂತೆ ಹೆಳವ ಬಂದ. ಹೆಳವರೆಂದರೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬಂದು, ಮನೆಮನೆಯ ಅಂಗಳದಲ್ಲಿ ನಿಂತು ಆ ಮನೆತನದ ಹಿರಿಯರ ಹೆಸರನ್ನು ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೊಗಳುವವರು. ಹೊಸದಾಗಿ ಹುಟ್ಟಿದವರನ್ನು ತಮ್ಮ ವಹಿಯಲ್ಲಿ ಸೇರಿಸಿ, ಕಾಳು ಪಡೆದು ಹೋಗುವರು. ನಮ್ಮ ವಾಡೆಗೆ ಬರುತ್ತಿದ್ದ ಹನಮಪ್ಪನ ವಹಿಗೆ ಒಂದು ವಿಶೇಷವಿತ್ತು. ದೊಡ್ಡ ದೇಸಾಯರು, ಎಂದರೆ ನಮ್ಮ ದೇಸಾಯರ ತಂದೆ, ತಮಾಷೆಗೋ ಪ್ರೀತಿಗೋ ನಾಯಿಗಳ ವಂಶವನ್ನೂ ಹೆಳವನ ಕೈಯಲ್ಲೇ ಬರೆಸಿದ್ದರು. ನನ್ನ ದಪ್ತರವೆಲ್ಲ ಆ ವಹಿಯ ನಕಲು. ಮೂಲವನ್ನು ನಾನು ಕಣ್ಣಿಂದ ನೋಡಿರಲಿಲ್ಲ. ಸಂಶಯದ ಪ್ರಾಣಿ ಎಂದು ಮೇಲೆ ಹೇಳಿಕೊಂಡೆನಲ್ಲ, ಆ ಮಾತಿಗೆ ಇದೊಂದು ಕಳಂಕ.

ಹನಮಪ್ಪನಿಗೆ ನೀರು ಬೆಲ್ಲ ಕೊಟ್ಟು ವಹಿ ಬಿಚ್ಚಿಸಿದೆ. ಬಹಾದ್ದೂರನ ತಾಯಿ, ಅಜ್ಜಿ, ಮುತ್ತಜ್ಜಿ. ಮುತ್ತಜ್ಜಿಯ ಹೆಸರು ಗಂಗಿ, ನನ್ನ ನಕಲಿನ ಪ್ರಕಾರ ವಾಡೆಯ ಚಂದ್ರಿ ಎಂಬ ನಾಯಿಯ ಮಗಳು. ನಾಯಿಖಾನೆಯ ಇಪ್ಪತ್ತೊಂದೂ ಗಂಗಿಯ ಸಂತಾನವೇ. ಮೂಲ ವಹಿಯಲ್ಲಿ ಅದರ ಹೆಸರಿನ ಮುಂದೆ ಸಣ್ಣಗೆ ಬರೆದಿತ್ತು: ಚಂದ್ರಿಯ ಉಡಿಗೆ ಹಾಕಿದ್ದು.

"ಇದೇನ ಹನಮಪ್ಪಾ?"

"ಚಂದ್ರಿ ಹಾಕಿದ ಮರಿ ಎಲ್ಲಾ ಸತ್ತಿದ್ದೂರಿ. ದೊಡ್ಡ ದಣ್ಯಾರು ಮಮದಾಪುರದ ಕುರುಬರ ಹಟ್ಟಿಯಿಂದ ಒಂದು ಮರಿ ತಂದು ಅದರ ಮೊಲಿಗೆ ಬಿಟ್ರು."

"ಅಂದ್ರ ಗಂಗಿ ಚಂದ್ರೀ ಮಗಳಲ್ಲ!"

ಹನಮಪ್ಪ ನನ್ನನ್ನು ಕನಿಕರದಿಂದ ನೋಡಿದ. "ಯಾಕಲ್ಲ? ಉಡಿಯಾಗ ಹಾಕಿದ ಮ್ಯಾಲ ಮನಿ ಕೂಸ. ದತ್ತಕ ಮಗನ್ನ ನಾವು ಬ್ಯಾರೆ ಬರಿಯೂದಿಲ್ರಿ. ಮನಷ್ಯಾರಿಗೊಂದು ನಾಯಿಗೊಂದು ಅಂತ ಹೆಳವನ ವಹಿಯೊಳಗ ಎರಡ ಕಾಯದೆ ಇಲ್ಲ."

ನಾನು ಕುಣಿಯುವುದೊಂದು ಬಾಕಿ. ಇಡೀ ನಾಯಿಖಾನೆಯ ಶುದ್ಧ ವಂಶ ಎಂಬುದು ಕುರುಬರ ಹಟ್ಟಿಯ ಮರಿಯೊಂದರ ವಂಶ! ವಿಚಾರಿಸಿದರೆ ಆ ಹಟ್ಟಿ ಮಲ್ಲವ್ವನ ಅತ್ತೆಯದು. ಎದುರು ಪಕ್ಷದ ದಪ್ತರದಿಂದಲೇ ಎದುರು ಪಕ್ಷವನ್ನು ಕೆಡವುವ ಇಂಥ ಅವಕಾಶ ಯಾವ ಕಾಲೇಜಿನಲ್ಲೂ ಸಿಗದು. ವಾಡೆಯ ಪಡಸಾಲೆ ಜನರಿಂದ ತುಂಬಿದ್ದಾಗಲೇ, ಹನಮಪ್ಪನಿಂದ ಓದಿಸಿ, ಕೈ ಎತ್ತಿ ಭಾಷಣ ಮಾಡಿದೆ. "ಆದ್ದರಿಂದ, ಮೂರು ತಲೆ ಶುದ್ಧವಿರದ ನಾಯಿಗೆ ಬಿಲ್ಲೆ ಇಲ್ಲವೆಂದರೆ ವಾಡೆಯ ನಾಯಿಗೂ ಇಲ್ಲ!" ಎಂದು ಮುಗಿಸಿದೆ. ಜನ ಚಪ್ಪಾಳೆ ತಟ್ಟಲಿಲ್ಲ.

ದೇಸಾಯರು ಹನಮಪ್ಪನ ವಹಿ ತೆಗೆದುಕೊಂಡು ಆ ಸಾಲನ್ನು ತಾವೇ ಓದಿದರು. ಆಮೇಲೆ, "ಬರಿ," ಎಂದರು.

"ಏನ ಬರೀಲ್ರಿ?"

"ನೀ ಈಗ ಹೇಳಿದ್ದ. ನನ್ನ ಇಪ್ಪತ್ತೊಂದಕ್ಕೂ ಬಿಲ್ಲೆ ಇಲ್ಲ. ಮಂದಿಗೊಂದು ನನಗೊಂದು ಕಾಯದೆ ನಾ ಮಾಡೂದಿಲ್ಲ."

ನಾನು ಒಂದು ನಾಯಿ ಉಳಿಸಲು ಹೊರಟಿದ್ದೆ. ಈಗ ಸಾಯಬೇಕಾದವು ಇಪ್ಪತ್ತೆರಡಾದವು. ಇಮಾಮಸಾಬ ನಾಯಿಖಾನೆಯ ಬಾಗಿಲಲ್ಲಿ ನನಗೆ ಅಡ್ಡ ನಿಂತ. "ಇಪ್ಪತ್ತೊಂದ ಕೊರಳ, ಕಾರಕೂನ ಸಾಹೇಬ್ರ. ಗೆದ್ರಿ. ಪೇಢೆ ಹಂಚೂನೇನು?" ಎಂದ. ಅವನ ಕಣ್ಣು ನೋಡಲಾಗಲಿಲ್ಲ.

ಕೊನೆಯ ದಿನದ ಮುಂಜಾನೆ ನಾನು ಮರಡಿಗೆ ಹೋಗಿ ಮಲ್ಲವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳ ಕದಿರು ನಿಂತಿತು.

"ಒಂದ ನಾಯಿ ಉಳಸು ಅಂದ್ರ ಎಲ್ಲಾ ಕೊಂದು ಬಂದೀ? ನಿಮಗ ಸಾಲ್ಯಾಗ ಇದನ್ನ ಕಲಸತಾರೇನು?"

ಹಿಂಡನ್ನು ಪಕ್ಕದ ಹಟ್ಟಿಯವರಿಗೆ ಒಪ್ಪಿಸಿ, ಕೆಂಚಿಯನ್ನು ಕರೆದುಕೊಂಡು ನನಗಿಂತ ಮುಂದೆ ನಡೆದಳು. ವಾಡೆಯ ಅಂಗಳದಲ್ಲಿ ಗುಂಡಿಕ್ಕಲು ಕಳಿಸಿದ್ದ ಸಿಪಾಯಿ ಬಂದೂಕಿನೊಡನೆ ಬಂದು ಕುಳಿತಿದ್ದ. ಕೆಂಚಿಯನ್ನು ಅಂಗಳದಲ್ಲೇ ಬಿಟ್ಟು ಮಲ್ಲವ್ವ ಪಡಸಾಲೆ ಹತ್ತಿದಳು. ನಾನು ಅವಳ ಪರ ಮಾತಾಡಲು ಬಾಯಿ ತೆರೆದೆ. "ನೀ ಸುಮ್ಮನಿರಪಾ, ಆಗೇತಿ ನಿಂದು," ಎಂದು ನನ್ನನ್ನು ಕೂರಿಸಿದಳು.

"ದಣ್ಯಾರ, ಗಂಗಿ ನಮ್ಮತ್ತಿ ಕೊಟ್ಟದ್ದು. ಹೌದಿಲ್ರಿ?"

"ಹೌದಂತ."

"ನಮ್ಮೊಳಗ ಮರಿ ಕೊಡೂ ಮುಂದ ಮರೀ ಕುಲ ನೋಡೂದಿಲ್ರಿ. ಒಯ್ಯಾಂವನ್ನ ನೋಡತೇವಿ. ನಿಮ್ಮಪ್ಪ ಅವರನ್ನ ನಮ್ಮತ್ತಿ ಮೂರ ದಿನ ಹಟ್ಟ್ಯಾಗ ಕುಂಡ್ರಿಸಿದ್ಲಂತ. ತಾಯಿ ನಾಯಿ ಅವರ ಕೈಯಾಗಿನ ರೊಟ್ಟಿ ತಿಂದ ಮ್ಯಾಲ, ಈ ಮನಷ್ಯಾ ಸಾಕತಾನ ಅಂತ ಕೊಟ್ಲು. ಒಯ್ದಾಂವಗ ಸಾಕೂದು ಆಗಲಿಲ್ಲಂದ್ರ ಹಟ್ಟಿಗೆ ತಿರುಗಿ ಕೊಡಬೇಕು, ಅದು ಹೆತ್ತ ಮರಿಗಳ ಸುದ್ದಾ. ನಿಮಗ ಆಗವಲ್ದು. ಇಪ್ಪತ್ತೊಂದೂ ಬಿಡ್ರಿ ಇತ್ತಾಗ. ಒಯ್ಯಾಕ ಬಂದೇನಿ."

ದೇಸಾಯರ ಮುಖ ಕೆಂಪಾಯಿತು. ಬೈಯುತ್ತಾರೆಂದುಕೊಂಡೆ.

"ಇಪ್ಪತ್ತೊಂದು ನಾಯಿ ಒಯ್ದು ಏನ ಮಾಡ್ತೀ?"

"ಕೆಲಸಾ ಹಚ್ಚತೇನ್ರಿ."

"ಬಹಾದ್ದೂರನ್ನೂ?"

"ಕಲೀತೈತಿ. ಇಲ್ಲಂದ್ರ ಕಾರಕೂನರ ಬಾಜೂ ಕುಂಡ್ರಲಿ."

ಮೊದಲು ನಕ್ಕವನು ಇಮಾಮಸಾಬ. ದೇಸಾಯರು ನಗಲಿಲ್ಲ. ತಂದೆ ಮೂರು ದಿನ ಕುರಿಹಟ್ಟಿಯಲ್ಲಿ ಕುಳಿತು ಪರೀಕ್ಷೆ ಕೊಟ್ಟದ್ದನ್ನು ಅವರು ಆವರೆಗೆ ಕೇಳಿರಲಿಲ್ಲ. ಎದ್ದು ನನ್ನ ಮೇಜಿಗೆ ಬಂದು, ಕಾಗದ ಎಳೆದುಕೊಂಡು, ಮೂರು ತಲೆಯ ಸಾಲನ್ನು ತಾವೇ ಹೊಡೆದುಹಾಕಿದರು. ನಾಯಿಗೆ ಜವಾಬು ಯಾರು, ಎಂದರೆ ಹೊಣೆ ಯಾರದು, ನಾಯಿಯ ಕೆಲಸವೇನು, ಇವೆರಡೇ ಕೇಳಬೇಕೆಂದು ಬರೆಸಿದರು. ಇಪ್ಪತ್ತೊಂದು ನಾಯಿಗಳ ಮುಂದೆ ಜವಾಬು ತಮ್ಮದೆಂದು ಇಪ್ಪತ್ತೊಂದು ಸಲ ಸಹಿ ಹಾಕಿದರು. ನಮ್ಮ ಖಾತೆಯಲ್ಲಿ ಪದ್ಧತಿ ಬದಲಾದದ್ದು ಹೀಗೆ. ಇದರಲ್ಲಿ ನನ್ನ ಪಾಲು ಶಾಯಿ ಅದ್ದಿಕೊಟ್ಟದ್ದು.

ಕೆಂಚಿಯ ಸರದಿ ಬಂತು. ಜವಾಬು: ಮಲ್ಲವ್ವ. ಅವಳು ಹೆಬ್ಬೆಟ್ಟು ಒತ್ತಿದಳು. ಕೆಲಸವೇನೆಂದು ಬರೆಯಲು ನಾನು ಲೇಖನಿ ಎತ್ತಿದೆ. ಅಷ್ಟರಲ್ಲಿ ಅಂಗಳದಿಂದ ಸಿಪಾಯಿಯ ಸಣ್ಣ ದನಿ ಕೇಳಿತು.

"ದಣ್ಯಾರ... ಯಾರರೆ ಬರ್ರಿ..."

ಎಲ್ಲರೂ ಹೊರಗೆ ಇಣುಕಿದೆವು. ಸಿಪಾಯಿ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಮೇಲೆತ್ತಿ ನಿಂತಿದ್ದ. ಬಂದೂಕು ನೆಲದ ಮೇಲಿತ್ತು. ಕೆಂಚಿ ಅದರ ಮೇಲೆ ಮುಂಗಾಲಿಟ್ಟು, ಬೊಗಳದೆ, ಮಲ್ಲವ್ವನ ಕಡೆ ನೋಡುತ್ತ ಕುಳಿತಿತ್ತು.

"ಕೆಲಸಾ ಏನಂತ ಬರೀಲ್ರಿ?" ಎಂದು ಕೇಳಿದೆ.

ದೇಸಾಯರು ಎಷ್ಟೋ ದಿನಗಳ ಮೇಲೆ ಮೀಸೆಯಲ್ಲಿ ನಕ್ಕು, "ಚಾಲೂ ಐತಿ ಅಂತ ಬರಿ," ಎಂದರು.